ಡಾಲಿ ಮನೆಯಿಂದ ಹೇಳದೇ ವಾಪಸ್ ಬಂದವಳು

ಸಾಹಿತ್ಯ ಓದುವ ಮಕ್ಕಳು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಾಗ ತಮ್ಮ ಕಷ್ಟ ಹೇಳುವುದು ಕಡಿಮೆ. ‘ನನಗೇನೂ ಆಗಿಲ್ಲ ಮೇಡಂ’ ಅನ್ನುತ್ತಾರೆ, ಆಮೇಲೆ ಯಾವುದೋ ಕಾದಂಬರಿಯ ನಾಯಕಿಗೆ ಏನಾಯಿತು ಅಂತ ಗಂಟೆಗಟ್ಟಲೆ ಹೇಳುತ್ತಾರೆ. ಪ್ರತಿ ವರ್ಷ ಇಂಥವರು ಸಿಗುತ್ತಾರೆ, ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಎಂ.ಎ. ಇಂಗ್ಲಿಷ್ ಓದುವ ಹುಡುಗಿ, ಹಾಸ್ಟೆಲ್ ವಾಸ. ಪ್ರೀತಿಸಿದವನು ದೂರವಾಗಿದ್ದ. ವಿಷಯ ಮನೆಗೆ ಗೊತ್ತಾಗಿ ಅಮ್ಮ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. ಟಾಲ್‌ಸ್ಟಾಯ್ ಕಾದಂಬರಿ ‘ಅನ್ನಾ ಕರೆನಿನಾ’ದ ಅಂತ್ಯದ ಬಗ್ಗೆ, ಅಂದರೆ ನಾಯಕಿ ಅನ್ನಾ ತಾನೇ ರೈಲಿನಡಿ ಬಿದ್ದು ಸಾಯುವುದರ ಬಗ್ಗೆ, ಅವಳು ಬರೆದ ಸೆಮಿನಾರ್ ಪೇಪರ್ ಓದಿ, ಏನೋ ಸರಿಯಿಲ್ಲ ಅನ್ನಿಸಿ ಅವಳ ಮೇಷ್ಟ್ರು ಕಳಿಸಿದರು. (ಅವರಿಗೆ ದೊಡ್ಡ ನಮಸ್ಕಾರ. ವ್ಯಾಕರಣ ತಿದ್ದಿ ಮಾರ್ಕ್ಸ್ ಹಾಕಿ ಸುಮ್ಮನಾಗುವವರೇ ಜಾಸ್ತಿ.) ಪೇಪರಿನ ವಾದ ಇಷ್ಟು: ಅನ್ನಾ ಮಾಸ್ಕೋ ಸ್ಟೇಷನ್ನಿಗೆ ಬಂದ ದಿನವೇ ಒಬ್ಬ ಕಾವಲುಗಾರ ರೈಲಿಗೆ ಸಿಕ್ಕಿ ಸಾಯುತ್ತಾನೆ, ಕೆಟ್ಟ ಶಕುನ ಅಂತ ಅವಳೇ ಅನ್ನುತ್ತಾಳೆ, ಅಂದಮೇಲೆ ಅವಳ ಕೊನೆ ಅಲ್ಲೇ ತೀರ್ಮಾನವಾಯಿತು, ಬೇರೆ ದಾರಿಯೇ ಇರಲಿಲ್ಲ.

‘ನಿನಗೆ ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗಲ್ಲ. ಕೇಳದೇ ಇದ್ದರೆ ಅವರು ಅದನ್ನು ಒಬ್ಬರೇ ಹೊತ್ತುಕೊಂಡು ತಿರುಗುತ್ತಾರೆ ಅಷ್ಟೆ. ಅವಳು ಮಾತ್ರ, ‘ನಾನು ಅನ್ನಾ ಬಗ್ಗೆ ಹೇಳ್ತಿದೀನಿ’ ಅಂದಳು. ಸರಿ, ಅನ್ನಾ ಬಗ್ಗೆಯೇ ಮಾತಾಡೋಣ ಅಂದೆ.

ಮುಂದಿನ ಭೇಟಿಯಲ್ಲಿ ಅನ್ನಾಳ ಕೊನೆಯ ದಿನವನ್ನು ಮೊದಲಿಂದ ಹೇಳು ಅಂದೆ. ಪ್ರಿಯಕರ ವ್ರೋನ್‌ಸ್ಕಿ ಜೊತೆ ಜಗಳ, ಅಫೀಮಿಲ್ಲದೆ ಬಾರದ ನಿದ್ದೆ, ಎಲ್ಲ ಹೇಳಿದಳು, ಅಲ್ಲಿಂದ ಮಾತು ನೇರ ಸ್ಟೇಷನ್ನಿಗೆ ಹಾರಿತು. ಮಧ್ಯೆ ಅನ್ನಾ ಡಾಲಿ ಮನೆಗೆ ಹೋಗಿದ್ದಳಲ್ವಾ, ಯಾಕೆ ಅಂದೆ. ಡಾಲಿ ಅನ್ನಾಳ ಅತ್ತಿಗೆ, ಅವಳನ್ನು ಕಂಡರೆ ಪ್ರೀತಿ.

‘ಎಲ್ಲಾ ಹೇಳ್ಕೊಳ್ಳೋಕೆ.’

‘ಹೇಳಿದಳಾ?’

‘ಇಲ್ಲ. ಡಾಲಿ ತಂಗಿ ಕಿಟ್ಟಿ ಇದ್ದಳು. ಮಗುವಿನ ವಿಷಯ ಮಾತಾಡ್ತಾ ಕೂತಿದ್ರು. ವಾಪಸ್ ಬಂದುಬಿಟ್ಟಳು.’

ಅನ್ನಾ ಹೊರಟ ಮೇಲೆ ಡಾಲಿ ಏನಂದಳು ಅಂತ ನೆನಪಿಸಿದೆ: ಇವತ್ತು ಅವಳು ಎಂದಿನ ಹಾಗಿರಲಿಲ್ಲ, ಅಳುವ ಹಾಗಿದ್ದಳು ಅನ್ನಿಸಿತು ಅನ್ನುತ್ತಾಳೆ. ಅಂದರೆ ಡಾಲಿ ನೋಡಿದ್ದಳು. ಹುಡುಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ ತುಂಬಾ ಹೊತ್ತು ಕೂತಳು. ಆಮೇಲೆ, ‘ಸರ್ ಕಳಿಸೋಕೆ ಮುಂಚೆ ನಾನೇ ಒಂದ್ಸಲ ಬಂದಿದ್ದೆ ಮೇಡಂ. ಹೊರಗೆ ಬೆಂಚಲ್ಲಿ ಇಬ್ಬರು ಹುಡುಗರು ಕೂತಿದ್ರು. ಹೋಗಿಬಿಟ್ಟೆ’ ಅಂದಳು.

ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳಿದೆ. ಈ ಸಲ, ‘ಕೆಲವು ರಾತ್ರಿ’ ಅಂದಳು.

ಕೊಟ್ಟ ಸಲಹೆಯಲ್ಲಿ ಹೊಸದೇನಿಲ್ಲ. ಮನೋವೈದ್ಯರನ್ನು ಅದೇ ವಾರ ನೋಡಬೇಕು, ಮೊದಲು ನಿದ್ದೆ ಸರಿಯಾಗಬೇಕು. ರೂಮ್‌ಮೇಟ್‌ಗೆ ವಿಷಯ ಹೇಳಬೇಕು, ನನ್ನ ಎದುರೇ. ಅಪಾಯ ಅನ್ನಿಸುವ ಯಾವುದೂ ರೂಮಿನಲ್ಲಿ ಇರಬಾರದು. ರಾತ್ರಿ ಹೊತ್ತಿಗೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಫೋನಿನಲ್ಲಿ ಸೇವ್ ಮಾಡಿಸಿದೆ. ಉಚಿತ, ಯಾವ ಹೊತ್ತಿನಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕೊನೆಯದು, ಕಾದಂಬರಿಯ ಎಂಟನೇ ಭಾಗ ಓದು. ಅವಳು ಅನ್ನಾ ಸತ್ತ ಕೂಡಲೇ, ಏಳನೇ ಭಾಗಕ್ಕೇ ಪುಸ್ತಕ ಮುಚ್ಚಿದ್ದಳು!

ಈ ಕೊನೆಯ ಸಲಹೆಗೆ ಕೆಲವು ಅಧ್ಯಾಪಕರು ಸಿಡಿಮಿಡಿಗೊಂಡರು. ಪುಸ್ತಕ ಕಿತ್ತುಕೊಳ್ಳೋದು ಬಿಟ್ಟು ಇನ್ನಷ್ಟು ಓದು ಅಂತೀರಲ್ಲ ಅಂದರು. ಅವರ ಭಯ ಸುಳ್ಳಲ್ಲ. 1774ರಲ್ಲಿ ಜರ್ಮನ್ ಲೇಖಕ ಗಯಟೆಯ ‘ವರ್ಟರ್’ ಕಾದಂಬರಿ ಬಂದಾಗ, ಆತ್ಮಹತ್ಯೆ ಮಾಡಿಕೊಳ್ಳುವ ಅದರ ನಾಯಕನನ್ನು ಓದಿದವರೂ ಅನುಸರಿಸಿಯಾರು ಅನ್ನುವ ಇದೇ ಭಯಕ್ಕೆ ಲೈಪ್‌ಜಿಗ್‌ನಲ್ಲಿ ಅದನ್ನು ನಿಷೇಧಿಸಿದ್ದರು. ಆದರೆ ಈ ಹುಡುಗಿಗೆ ಬಾಯಿ ಬಿಡೋಕೆ ಇದ್ದದ್ದು ಆ ಪುಸ್ತಕ ಒಂದೇ, ಅದನ್ನೂ ಕಿತ್ತುಕೊಂಡಿದ್ದರೆ ಡಾಲಿ ಮನೆಯ ಮಾತು ಬರುತ್ತಲೇ ಇರಲಿಲ್ಲ. ಎಂಟನೇ ಭಾಗದಲ್ಲಿ ಕಿಟ್ಟಿಯ ಗಂಡ ಲೆವಿನ್ ಇದ್ದಾನೆ. ಹೆಂಡತಿ, ಮಗು, ಜಮೀನು ಎಲ್ಲ ಇದ್ದೂ ಸಾಯುವ ಯೋಚನೆ ಬಂದು, ತನಗೆ ತಾನೇ ಹೆದರಿ ಹಗ್ಗ ಬಚ್ಚಿಡುತ್ತಾನೆ, ಬಂದೂಕು ಹಿಡಿದು ಹೊರಗೆ ಹೋಗುವುದನ್ನೂ ಬಿಡುತ್ತಾನೆ. ಬದುಕುತ್ತಾನೆ. ಅದನ್ನು ಅವಳು ಓದಲಿ ಅಂತ ನನಗಿತ್ತು. ಕಾದಂಬರಿಯನ್ನು ಕಂತುಗಳಲ್ಲಿ ಅಚ್ಚು ಹಾಕುತ್ತಿದ್ದ ಸಂಪಾದಕ ಕಟ್ಕೋವ್ ಕೂಡ ನಾಯಕಿ ಸತ್ತಮೇಲೆ ಕತೆ ಮುಗಿಯಿತು ಅಂತ ಬರೆದುಬಿಟ್ಟ. ಸರ್ಬಿಯಾ ಯುದ್ಧದ ಬಗ್ಗೆ ಭಿನ್ನಾಭಿಪ್ರಾಯ ಬಂದು ಎಂಟನೇ ಭಾಗ ಹಾಕಲು ಒಪ್ಪಿರಲಿಲ್ಲ, 1877ರಲ್ಲಿ ಟಾಲ್‌ಸ್ಟಾಯ್ ಅದನ್ನು ಬೇರೆಯಾಗಿಯೇ ಪ್ರಕಟಿಸಬೇಕಾಯಿತು.

ಅವಳು ಓದಿ ಬಂದಳು, ಸಿಟ್ಟಿನಲ್ಲಿ. ‘ಜೇನುಗೂಡಿನ ಹತ್ತಿರ ಕೂತು ಗಂಡಸರೆಲ್ಲ ಸರ್ಬಿಯಾ ಯುದ್ಧದ ಬಗ್ಗೆ ಕೊರೀತಾರೆ, ಅನ್ನಾ ಯಾರಿಗೂ ನೆನಪೇ ಇಲ್ಲ’ ಅಂತ ಜಗಳಕ್ಕೇ ಬಂದಳು. ಲೆವಿನ್ ಇಷ್ಟವಾಗಿಲ್ಲವಂತೆ. ಆಗಬೇಕಾಗಿಯೂ ಇಲ್ಲ. ಡಾಕ್ಟರ ಭೇಟಿ ಒಂದೂ ತಪ್ಪಿಸಿಲ್ಲ. ಅಮ್ಮ ಇನ್ನೂ ಫೋನ್ ಎತ್ತುತ್ತಿಲ್ಲ, ಅವರಿಗೊಂದು ಪತ್ರ ಬರೆಯುವ ಕೆಲಸವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇವೆ.