ಉಡುಪಿಯಲ್ಲಿ ಹೊಸದಾಗಿ ನರ್ಸ್ ಆಗಿದ್ದೇನೆ. ಕುಡಿತದ ಚಟವಿರುವ ರೋಗಿಗಳನ್ನು ಹೇಗೆ ನೋಡಿಕೊಳ್ಳಲಿ?

ಕಾಲು ಮುರಿದು ದಾಖಲಾದವರು ಎರಡನೇ ರಾತ್ರಿ ಬೆವರಿ, ನಡುಗಿ, ಡ್ರಿಪ್ ಕಿತ್ತು ಎದ್ದರೆ ಅದನ್ನು ಹಠ ಅನ್ನಬೇಡಿ. ದಿನವೂ ಕುಡಿಯುವವರಿಗೆ ಮದ್ಯ ಒಮ್ಮೆಲೇ ನಿಂತರೆ 6ರಿಂದ 24 ಗಂಟೆಯೊಳಗೆ ನಡುಕ ಶುರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು, 2-3ನೇ ದಿನ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಪ್ರಾಣಕ್ಕೇ ಅಪಾಯ, ಕೂಡಲೇ ಡಾಕ್ಟರಿಗೆ ತಿಳಿಸಿ.

ದಾಖಲಿಸುವಾಗಲೇ ಮನೆಯವರನ್ನು ಆಚೆ ಕಳಿಸಿ, "ಅಣ್ಣಾ, ಕೊನೆಗೆ ಕುಡಿದದ್ದು ಯಾವಾಗ? ಬೈಯಲಿಕ್ಕಲ್ಲ, ಸರಿಯಾದ ಮದ್ದು ಕೊಡಲಿಕ್ಕೆ" ಅನ್ನಿ. ಮಲ್ಪೆಯ ಮೀನುಗಾರರೊಬ್ಬರು ನಾನು ತುಳುವಿನಲ್ಲಿ ಕೇಳಿದ ಮೇಲೆಯೇ ಬಾಯಿಬಿಟ್ಟರು. ನೀರಿನ ಲೋಟ ಹಿಡಿಯಲಾಗದ ಅವರ ಕೈಗೆ ನನ್ನ ಕೈ ಆನಿಸಿ ಕುಡಿಸಿದೆ. ನಾಚಿಕೆಯಿಂದ ಮುಖ ತಿರುಗಿಸಿಕೊಂಡಿದ್ದರು. ಅಂಥವರನ್ನು ಡ್ಯೂಟಿ ಬದಲಾಗುವಾಗ "ಆ ಕುಡುಕ" ಎಂದು ಒಪ್ಪಿಸಬೇಡಿ, ಹೆಸರು ಹೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ 14446, ವ್ಯಸನಮುಕ್ತಿ ಸಹಾಯವಾಣಿ, ಬರೆದುಕೊಡಿ.