ಪ್ರಶ್ನೋತ್ತರ: ಕಾಲೇಜಿನೊಳಗಿನ ಸಂಶೋಧನಾ ಮತ್ತು ತರಬೇತಿ ಕೇಂದ್ರಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ‘ಸಂಶೋಧನಾ ಕೇಂದ್ರ’, ‘ಕೌಶಲ ಕೇಂದ್ರ’, ‘ಉತ್ಕೃಷ್ಟತಾ ಕೇಂದ್ರ’ ಎಂಬ ಫಲಕಗಳಿಗೆ ಈಗ ಬರವಿಲ್ಲ. ಅವುಗಳಿಂದ ಯಾವ ಕೆಲಸ ಆದೀತು, ಯಾವುದು ಆಗದು ಎಂದು ಕೇಳಿದ ಪತ್ರಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಊರಿನ ಕಾಲೇಜಿನ ಬಾಗಿಲಲ್ಲೇ ‘ಸಂಶೋಧನಾ ಕೇಂದ್ರ’ ಎಂದು ಬರೆದಿದೆ. ಎಂ.ಎಸ್ಸಿ. ಮುಗಿಸಿದ್ದೇನೆ. ಅಲ್ಲೇ ಪಿಎಚ್.ಡಿ. ಮಾಡಬಹುದೇ?
*– ಓದುಗರು, ಗದಗ*

ಪಿಎಚ್.ಡಿ. ಕೊಡುವುದು ಕಾಲೇಜಲ್ಲ, ವಿಶ್ವವಿದ್ಯಾಲಯ. ಆದ್ದರಿಂದ ಮೊದಲು ಕೇಳಬೇಕಾದ್ದು ವಿಶ್ವವಿದ್ಯಾಲಯದ ಮಾನ್ಯತಾ ಆದೇಶದ ಪ್ರತಿ. ಮಾನ್ಯತೆ ವಿಷಯವಾರು ಸಿಗುತ್ತದೆ. ರಸಾಯನಶಾಸ್ತ್ರಕ್ಕೆ ಸಿಕ್ಕಿದ್ದು ಪಕ್ಕದ ಕೋಣೆಯ ಭೌತಶಾಸ್ತ್ರಕ್ಕೆ ಅನ್ವಯಿಸದು. ಆದೇಶದಲ್ಲಿ ವಿಷಯ, ಅವಧಿ, ವಿಶ್ವವಿದ್ಯಾಲಯದ ಹೆಸರು ಮೂರನ್ನೂ ಓದಿ. ಎಂಜಿನಿಯರಿಂಗ್ ಕಾಲೇಜಾದರೆ ಸಾಮಾನ್ಯವಾಗಿ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಕಲೆ-ವಿಜ್ಞಾನದ ಹಳೆಯ ಕಾಲೇಜುಗಳಾದರೆ ಬಹುಮಟ್ಟಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಹಾವೇರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಆದ ಮೇಲೆ ಅಲ್ಲಿನವರು ಇದನ್ನು ಇನ್ನಷ್ಟು ಬಿಡಿಸಿ ಕೇಳಬೇಕು.

ಮಾನ್ಯತೆ ಇದ್ದರೂ ಮಾರ್ಗದರ್ಶಕರ ಬಳಿ ಜಾಗ ಇರಬೇಕಲ್ಲ! ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಒಂದೇ ಹೊತ್ತಿಗೆ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕಾಲೇಜುಗಳಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ‘ಸರ್ ಒಪ್ಪಿದ್ದಾರೆ’ ಎಂಬ ಮಾತಿನ ಮೇಲೆ ವರ್ಷ ಕಳೆಯುತ್ತದೆ, ಅರ್ಜಿ ಹಾಕುವಾಗ ನೋಡಿದರೆ ಖಾಲಿ ಸೀಟಿಲ್ಲ. ಸಂಶೋಧನಾ ವಿಭಾಗದಿಂದ ಖಾಲಿ ಸೀಟಿನ ಪಟ್ಟಿಯನ್ನು ಲಿಖಿತವಾಗಿ ಪಡೆಯಿರಿ.

ಸ್ನಾತಕೋತ್ತರದಲ್ಲಿ 55 ಪ್ರತಿಶತ ಬೇಕು, ಮೀಸಲು ವರ್ಗಗಳಿಗೆ 5 ಪ್ರತಿಶತ ರಿಯಾಯಿತಿ. ಪ್ರವೇಶ ಪರೀಕ್ಷೆ ಅಥವಾ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಮೂಲಕ ದಾರಿ. 2024-25ರಿಂದ ನೆಟ್‌ನಲ್ಲಿ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹರಾದವರ ಅಂಕಕ್ಕೂ 70 ಪ್ರತಿಶತ ತೂಕ ಇದೆ, ಉಳಿದ 30 ಸಂದರ್ಶನಕ್ಕೆ. ಆ ಅಂಕ ಒಂದೇ ವರ್ಷ ಚಾಲ್ತಿ. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ ಇನ್ನೆರಡು ಸಿಗುತ್ತದೆ. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ಸಡಿಲಿಕೆ ಮತ್ತು ಹೆರಿಗೆ, ಶಿಶುಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆ ಇದೆ. ಕೇಂದ್ರದ ಗುಮಾಸ್ತರು ಇದನ್ನು ತಾವಾಗಿ ಹೇಳುವುದು ಅಪರೂಪ, ನೀವೇ ಕೇಳಿ.

ನಾನು ಪದವಿ ಕಾಲೇಜಿನ ಉಪನ್ಯಾಸಕ. ರಜೆ ಹಾಕದೆ ಪಾರ್ಟ್‌ಟೈಮ್ ಪಿಎಚ್.ಡಿ. ಆಗುತ್ತದೆಯೇ?
*– ಓದುಗ, ಹಾವೇರಿ*

ಆಗುತ್ತದೆ. ಕೆಲಸದ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದರಲ್ಲಿ ಮೂರು ಮಾತು ಇರಲೇಬೇಕು: ಪಾರ್ಟ್‌ಟೈಮ್ ಓದಿಗೆ ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ. ಮೂರನೆಯದು ಬಿಟ್ಟುಹೋದ ಪತ್ರ ವಾಪಸು ಬರುತ್ತದೆ.

ಎರೆ ಭೂಮಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಎಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ಕೇಂದ್ರದಲ್ಲಿ ಮಣ್ಣು, ಕಾಂಕ್ರೀಟ್ ಪರೀಕ್ಷೆ ಮಾಡಿಸಬಹುದು ಎನ್ನುತ್ತಾರೆ. ಏನನ್ನು, ಹೇಗೆ ಒಯ್ಯಬೇಕು?
*– ಓದುಗ, ನವಲಗುಂದ*

ಸಿವಿಲ್ ವಿಭಾಗದ ಸಲಹಾ ಕೇಂದ್ರಗಳು ಹೊರಗಿನವರಿಗೂ ಶುಲ್ಕ ಪಡೆದು ಪರೀಕ್ಷೆ ಮಾಡಿಕೊಡುತ್ತವೆ. ನಿಮ್ಮ ಸ್ವಂತ ಮನೆಗಾದರೆ ಒಳ್ಳೆಯ ಪ್ರಯೋಗಾಲಯದ ಯಾವ ವರದಿಯೂ ನಡೆಯುತ್ತದೆ. ಸರಕಾರಿ ಕಾಮಗಾರಿಯಾದರೆ ಟೆಂಡರ್ ಷರತ್ತು ನೋಡಿ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಕೇಳಿದ್ದರೆ, ಆ ಮಾನ್ಯತೆ ಕಾಲೇಜಿಗಲ್ಲ, ವ್ಯಾಪ್ತಿಪಟ್ಟಿಯಲ್ಲಿರುವ ಒಂದೊಂದು ಪರೀಕ್ಷೆಗೆ ಎಂಬುದು ನೆನಪಿರಲಿ. ಕಾಂಕ್ರೀಟಿಗೆ ಇದ್ದು ಮಣ್ಣಿಗೆ ಇಲ್ಲದಿರಬಹುದು.

ಮೊದಲು ಮಣ್ಣು. ಮೇಲಿನ ಮಣ್ಣನ್ನು ಕೆರೆದು ಚೀಲಕ್ಕೆ ತುಂಬಿ ತಂದರೆ ಪ್ರಯೋಜನವಿಲ್ಲ. ಪಾಯ ಕೂಡುವ ಆಳದ್ದೇ ಬೇಕು. ಎರೆ ಮಣ್ಣಿಗೆ ಮಾಡುವ ಸರಳ ಪರೀಕ್ಷೆ ಉಬ್ಬು ಸೂಚ್ಯಂಕದ್ದು. 425 ಮೈಕ್ರಾನ್ ಜರಡಿ ದಾಟಿದ, ಒಲೆಯಲ್ಲಿ ಒಣಗಿಸಿದ ಮಣ್ಣನ್ನು 10 ಗ್ರಾಂನಂತೆ ಎರಡು ಪಾಲು ಮಾಡಿ, 100 ಮಿಲಿ ಅಳತೆ ಕೊಳವೆಗಳಲ್ಲಿ ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬುತ್ತಾರೆ. ಕಲಕಿ ಗಾಳಿಗುಳ್ಳೆ ಬಿಡಿಸಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿ, ನೀರಿನಲ್ಲಿ 18 ಮಿಲಿ ನಿಂತರೆ ಸೂಚ್ಯಂಕ 80 ಪ್ರತಿಶತ. 50 ದಾಟಿದರೆ ಸಾಮಾನ್ಯ ಪಾಯದ ಮಾತು ಬಿಟ್ಟು ವಿನ್ಯಾಸಕಾರರ ಹತ್ತಿರ ಹೋಗಿ. ಹೊರೆ ತಾಳುವ ಶಕ್ತಿಯ ಪರೀಕ್ಷೆ ಬೇರೆ. ಇದೊಂದನ್ನೇ ಹಿಡಿದು ಪಾಯ ಹಾಕಬಾರದು.

ಕಾಂಕ್ರೀಟಿನಲ್ಲಿ ತಪ್ಪು ಆಗುವುದು ಪ್ರಯೋಗಾಲಯದಲ್ಲಿ ಕಡಿಮೆ, ನಿಮ್ಮ ಸೈಟಿನಲ್ಲಿ ಹೆಚ್ಚು. ಪರೀಕ್ಷೆಯ ಕ್ಯೂಬ್ (ಘನಾಕಾರದ ತುಂಡು) ಎರೆಯುವ 150 ಮಿ.ಮೀ. ಅಚ್ಚಿಗೆ ಎಣ್ಣೆ ಸವರಿ, ಸುಮಾರು 5 ಸೆಂ.ಮೀ. ಪದರದಂತೆ ಮೂರು ಸಲ ತುಂಬಿ, 16 ಮಿ.ಮೀ. ದಪ್ಪದ ಸಲಾಕೆಯಿಂದ ಪ್ರತಿ ಪದರಕ್ಕೆ 35 ಬಾರಿ ತಿವಿಯಬೇಕು. ಗೌಂಡಿ ಪುಟ್ಟಿಯಿಂದ ಒಂದೇ ಸಲ ಸುರಿದು ಕರಣೆಯಿಂದ ಮೇಲೆ ಸವರಿಬಿಟ್ಟರೆ ಒಳಗೆ ಜೇನುಗೂಡಿನಂತೆ ತೂತು ಉಳಿಯುತ್ತದೆ. ಕಾಂಕ್ರೀಟ್ ಚೆನ್ನಾಗಿದ್ದರೂ ಕ್ಯೂಬ್ ಫೇಲಾಗುತ್ತದೆ. 24 ಗಂಟೆ ಬಿಟ್ಟು ಅಚ್ಚು ಬಿಚ್ಚಿ, ತಾರೀಖು ಮತ್ತು ಗುರುತು ಬರೆದು, 27 ಡಿಗ್ರಿ ಆಸುಪಾಸಿನ ನೀರಿನಲ್ಲಿ ಮುಳುಗಿಸಿಡಿ. ಬಿಸಿಲಿಗಿಟ್ಟು ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಲದು.

ಒಂದು ಸ್ಯಾಂಪಲ್ ಎಂದರೆ 3 ಕ್ಯೂಬ್. 7 ದಿನಕ್ಕೂ 28 ದಿನಕ್ಕೂ ನೋಡುವುದಾದರೆ 6 ಬೇಕು. 5 ಘನ ಮೀಟರ್‌ವರೆಗಿನ ಕೆಲಸಕ್ಕೆ ಒಂದು ಸ್ಯಾಂಪಲ್, 15ರವರೆಗೆ ಎರಡು, 30ರವರೆಗೆ ಮೂರು. ಒಯ್ಯುವಾಗ ಒದ್ದೆ ಗೋಣಿಚೀಲದಲ್ಲಿ ಸುತ್ತಿ. ಅಂಚು ಒಡೆದ ಕ್ಯೂಬಿಗೆ ಸರಿಯಾದ ಲೆಕ್ಕ ಬರುವುದಿಲ್ಲ.

ಪರೀಕ್ಷೆ ನಡೆಯುವಾಗ ಪಕ್ಕದಲ್ಲಿ ನಿಂತು ಎರಡು ಸಂಗತಿ ನೋಡಿ. ಅಚ್ಚಿನಲ್ಲಿ ಮೇಲಿದ್ದ ಒರಟು ಮುಖ ಯಂತ್ರದ ತಟ್ಟೆಗೆ ತಾಗಬಾರದು, ಪಕ್ಕಕ್ಕೆ ಬರಬೇಕು. ಎರಡನೆಯದು ವೇಗ. ನಿಮಿಷಕ್ಕೆ ಪ್ರತಿ ಚದರ ಮಿಲಿಮೀಟರಿಗೆ 14 ನ್ಯೂಟನ್‌ನಂತೆ ಹೊರೆ ಏರಬೇಕು, ಅಂದರೆ ಈ ಅಳತೆಯ ಕ್ಯೂಬಿಗೆ ನಿಮಿಷಕ್ಕೆ 315 ಕಿಲೋನ್ಯೂಟನ್. ಎಂ20 (ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳುವ ದರ್ಜೆ) ಕ್ಯೂಬ್ ಕನಿಷ್ಠ 450 ಕಿಲೋನ್ಯೂಟನ್ ತಾಳಬೇಕಾದ್ದರಿಂದ ಒಡೆಯಲು ಸುಮಾರು ಒಂದೂವರೆ ನಿಮಿಷ ಹಿಡಿಯುತ್ತದೆ. ಸಾಲಿನಲ್ಲಿ ಜನ ನಿಂತಿದ್ದಾರೆಂದು ಅರ್ಧ ನಿಮಿಷದಲ್ಲಿ ಒಡೆದು ಮುಗಿಸಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ನಿಮಗೆ ಖುಷಿಯಾದೀತು, ಸ್ಲ್ಯಾಬಿಗೆ ಅಲ್ಲ. ಮೂರರ ಸರಾಸರಿಗಿಂತ ಯಾವುದಾದರೂ ಒಂದು 15 ಪ್ರತಿಶತಕ್ಕೂ ಹೆಚ್ಚು ಆಚೀಚೆ ಇದ್ದರೆ ಆ ಸ್ಯಾಂಪಲ್ಲನ್ನು ನಂಬುವಂತಿಲ್ಲ. ಯಂತ್ರದ ಮೇಲೆ ಅಂಟಿಸಿರುವ ಕ್ಯಾಲಿಬ್ರೇಶನ್ ಚೀಟಿಯ ತಾರೀಖನ್ನೂ ಒಮ್ಮೆ ಓದಿ.

ನಮ್ಮ ಕಾಲೇಜಿನಲ್ಲಿ ದೊಡ್ಡ ಉಪಕರಣಗಳಿಲ್ಲ. ಸ್ಯಾಂಪಲ್ ಎಲ್ಲಿಗೆ ಕಳಿಸಬೇಕು? ಮಳೆಗಾಲದಲ್ಲಿ ಎಫ್‌ಟಿಐಆರ್ (ಇನ್‌ಫ್ರಾರೆಡ್ ಕಿರಣದಿಂದ ವಸ್ತುವನ್ನು ಗುರುತಿಸುವ ಪರೀಕ್ಷೆ) ಚೆನ್ನಾಗಿ ಬರುವುದಿಲ್ಲ ಎನ್ನುವುದು ನಿಜವೇ?
*– ಸಂಶೋಧನಾ ವಿದ್ಯಾರ್ಥಿ, ಧಾರವಾಡ*

ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರವಾದ ಯುಸಿಕ್‌ನಲ್ಲಿರುವ ಸೈಫ್ (ಅತ್ಯಾಧುನಿಕ ವಿಶ್ಲೇಷಣಾ ಉಪಕರಣಗಳ) ಸೌಲಭ್ಯ ನಿಮ್ಮ ಮಗ್ಗುಲಲ್ಲೇ ಇದೆ. ದೇಶದ ಬೇರೆಡೆಯ ಉಪಕರಣಗಳಿಗೆ ಐ-ಸ್ಟೆಮ್ ಜಾಲತಾಣದಲ್ಲಿ ಹುಡುಕಿ ಸಮಯ ಕಾದಿರಿಸಬಹುದು. ಸ್ಯಾಂಪಲ್ ಕಳಿಸುವ ಮುನ್ನ ದ್ರಾವಕ ಯಾವುದು, ವಿಷಕಾರಿಯೇ, ಗಾಳಿಗೆ ಕೆಡುತ್ತದೆಯೇ ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಹೆಸರಿಲ್ಲದ ಸೀಸೆ ಮೂಲೆಗೆ ಹೋಗುತ್ತದೆ. ಎಕ್ಸ್‌ಆರ್‌ಡಿಗೆ (ಹರಳಿನ ರಚನೆ ತಿಳಿಸುವ ಎಕ್ಸ್-ಕಿರಣ ಪರೀಕ್ಷೆ) ನುಣ್ಣಗೆ ಅರೆದ ಒಣ ಪುಡಿ, ಕೆಲವು ನೂರು ಮಿಲಿಗ್ರಾಂ ಸಾಕು. ವಿದ್ಯುತ್ ಹರಿಯದ ವಸ್ತುವಿಗೆ ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿನ್ನದ ಲೇಪ ಬೇಕಾಗುತ್ತದೆ, ಅದರ ಶುಲ್ಕ ಬೇರೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಎಫ್‌ಟಿಐಆರ್ ಮಾತು ನಿಜ. 1ರಿಂದ 2 ಮಿಲಿಗ್ರಾಂ ಸ್ಯಾಂಪಲ್ಲನ್ನು ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅಗೇಟ್ ಕಲ್ಲಿನಲ್ಲಿ ಅರೆದು ಬಿಲ್ಲೆ ಒತ್ತುತ್ತಾರೆ. ಆ ಉಪ್ಪು ಗಾಳಿಯ ತೇವ ಹೀರುತ್ತದೆ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಬಿಲ್ಲೆ ಗಾಜಿನಂತೆ ಪಾರದರ್ಶಕವಾಗದೆ ಮಬ್ಬಾಗುತ್ತದೆ. ರೇಖೆಯಲ್ಲಿ 3400ರ (ಪ್ರತಿ ಸೆಂ.ಮೀ.ಗೆ ಅಲೆಗಳ ಸಂಖ್ಯೆ) ಸುತ್ತ ಅಗಲವಾದ ಗುಡ್ಡ, 1640ರ ಹತ್ತಿರ ಇನ್ನೊಂದು ಉಬ್ಬು ಬರುತ್ತದೆ. ಅದು ನೀರು. ಅದನ್ನೇ ತಮ್ಮ ಸಂಯುಕ್ತದ ಹೈಡ್ರಾಕ್ಸಿಲ್ ಗುಂಪು ಎಂದು ಪ್ರಬಂಧದಲ್ಲಿ ಬರೆದವರು ಪರೀಕ್ಷಕರ ಎದುರು ಬೆವರುತ್ತಾರೆ. ಉಪ್ಪನ್ನು 110 ಡಿಗ್ರಿ ಒಲೆಯಲ್ಲಿ ಒಣಗಿಸಿ ಡೆಸಿಕೇಟರಿನಲ್ಲಿಡಿ, ಬೇಗ ಅರೆಯಿರಿ, ಬರೀ ಉಪ್ಪಿನ ಬಿಲ್ಲೆಯ ರೇಖೆಯನ್ನು ಅದೇ ದಿನ ತೆಗೆಯಿರಿ. ಸ್ಯಾಂಪಲ್ಲನ್ನು ನೇರವಾಗಿ ಇಟ್ಟು ಅಳೆಯುವ ಎಟಿಆರ್ ಜೋಡಣೆ ಇರುವ ಯಂತ್ರ ಸಿಕ್ಕರೆ ಬಿಲ್ಲೆಯ ಗೊಡವೆಯೇ ಇಲ್ಲ.

ಮಗನಿಗೆ ಕಾಲೇಜಿನ ಕೌಶಲ ಕೇಂದ್ರದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕೋರ್ಸ್ ಹೇಳಿದ್ದಾರೆ. ಸರ್ಟಿಫಿಕೇಟಿಗೆ ಬೆಲೆ ಇದೆಯೇ ಎಂದು ತಿಳಿಯುವುದು ಹೇಗೆ?
*– ಪಾಲಕರು, ರಾಣೆಬೆನ್ನೂರು*

‘ಸೆಂಟರ್ ಆಫ್ ಎಕ್ಸಲೆನ್ಸ್’ ಎಂಬ ಹೆಸರನ್ನು ಯಾವ ಕಾಲೇಜಾದರೂ ಇಟ್ಟುಕೊಳ್ಳಬಹುದು, ಅದರಿಂದ ಏನೂ ಗೊತ್ತಾಗುವುದಿಲ್ಲ. ಸರ್ಟಿಫಿಕೇಟಿನ ಮಾದರಿ ಕೇಳಿ ನೋಡಿ: ಅರ್ಹತೆಯ ಸಂಕೇತಸಂಖ್ಯೆ, ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹಂತ, ಎನ್‌ಸಿವಿಇಟಿ (ವೃತ್ತಿ ಶಿಕ್ಷಣ-ತರಬೇತಿಯ ರಾಷ್ಟ್ರೀಯ ಮಂಡಳಿ) ಮಾನ್ಯ ಮಾಡಿದ ಸಂಸ್ಥೆಯ ಹೆಸರು, ಕ್ರೆಡಿಟ್. 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್, ಹಾಗಾಗಿ 600 ಗಂಟೆ ಎಂದರೆ 20. ಪಾಠ ಹೇಳಿದವರೇ ಅಂಕ ಹಾಕಿ ಸಹಿ ಮಾಡುವ ಹಾಳೆಯಾದರೆ ಅದು ‘ಹಾಜರಾಗಿದ್ದರು’ ಎನ್ನುವುದಕ್ಕಷ್ಟೇ ಸಾಕ್ಷಿ.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. ಒಂದು ಯಂತ್ರ, 30 ಹುಡುಗರು, ಎರಡು ಗಂಟೆಯ ಪಾಳಿ ಎಂದರೆ ಒಬ್ಬನ ಕೈಗೆ ಯಂತ್ರ ಸಿಗುವುದು 4 ನಿಮಿಷ. ಉಳಿದ ಹೊತ್ತು ಹೆಗಲ ಮೇಲಿಂದ ಇಣುಕುವುದು. ಯಂತ್ರ ಬಳಕೆಯ ಲಾಗ್‌ಬುಕ್ ತೋರಿಸಿ ಎನ್ನಿ. ಹೋದ ತಿಂಗಳ ಹಾಳೆ ಖಾಲಿ ಇದ್ದರೆ, ಅಥವಾ ಎಲ್ಲ ಸಹಿಯೂ ಒಂದೇ ಪೆನ್ನಿನಲ್ಲಿ ಒಂದೇ ದಿನ ಬಿದ್ದಂತಿದ್ದರೆ ಫೀ ಕಟ್ಟಬೇಡಿ. ಹೋಲಿಸಿ ನೋಡಲು ಹುಬ್ಬಳ್ಳಿಯ ಜಿಟಿಟಿಸಿಗೂ (ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಒಮ್ಮೆ ಹೋಗಿಬನ್ನಿ.

ನಮ್ಮ ಸಂಸ್ಥೆಯಲ್ಲಿ ಪರೀಕ್ಷಾ ಮತ್ತು ತರಬೇತಿ ಕೇಂದ್ರ ತೆರೆಯಬೇಕೆಂದಿದ್ದೇವೆ. ಮುಂಜಾಗ್ರತೆ ಏನು?
*– ಆಡಳಿತ ಮಂಡಳಿ ಸದಸ್ಯರು, ಹುಬ್ಬಳ್ಳಿ*

ಉಪಕರಣ ಕೊಳ್ಳುವ ಮೊದಲು ಅದನ್ನು ನಡೆಸುವವನ ಸಂಬಳ ಬಜೆಟ್ಟಿನಲ್ಲಿ ಬರೆಯಿರಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಉದ್ಘಾಟನೆಯಾಗಿ, ತಂಡ ಹೋದ ಮೇಲೆ ಬಟ್ಟೆ ಹೊದೆದು ಕೂತ ಯಂತ್ರಗಳು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಕಾರಣ ಬಹುತೇಕ ಒಂದೇ: ಕಾಯಂ ಟೆಕ್ನೀಷಿಯನ್ ಇಲ್ಲ. ಅಧ್ಯಾಪಕರು ಪಾಠದ ನಡುವೆ ಬಂದು ಯಂತ್ರ ನಡೆಸುವ ಏರ್ಪಾಡು ಪರೀಕ್ಷಾ ಕಾಲ ಬಂದ ಕೂಡಲೇ ಕುಸಿಯುತ್ತದೆ. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣೆಗೆ ಬೆಲೆಯ 5ರಿಂದ 10 ಪ್ರತಿಶತ ತೆಗೆದಿಡಬೇಕು. 40 ಲಕ್ಷದ ಯಂತ್ರವಾದರೆ ವರ್ಷಕ್ಕೆ 2ರಿಂದ 4 ಲಕ್ಷ.

ವಿದ್ಯುತ್ತಿನ ಕಡೆ ಜಿಪುಣತನ ಬೇಡ. ಸೂಕ್ಷ್ಮ ಉಪಕರಣಕ್ಕೆ ಪ್ರತ್ಯೇಕ ಅರ್ಥಿಂಗ್, ಆನ್‌ಲೈನ್ ಯುಪಿಎಸ್ ಇರಲಿ. ಅರ್ಥಿಂಗ್ ತಡೆ 1 ಓಮ್‌ಗಿಂತ ಕೆಳಗಿರಬೇಕೆಂದು ತಯಾರಕರು ಸಾಮಾನ್ಯವಾಗಿ ಕೇಳುತ್ತಾರೆ. ಅದನ್ನು ಏಪ್ರಿಲ್-ಮೇ ತಿಂಗಳಲ್ಲಿ ಅಳೆಸಿ. ಮಳೆಗಾಲದಲ್ಲಿ ಚೆನ್ನಾಗಿ ತೋರಿದ್ದು, ಎರೆ ಮಣ್ಣು ಬಿರುಕು ಬಿಟ್ಟು ಗುಂಡಿ ಒಣಗಿದಾಗ ಏರಿಬಿಡುತ್ತದೆ.

ತೆರಿಗೆಯ ಒಂದು ಸಂಗತಿ ಅನೇಕರ ಗಮನಕ್ಕೆ ಬಾರದು. ವಿದ್ಯಾರ್ಥಿಗಳ ಪಾಠಕ್ಕೆ ಜಿಎಸ್‌ಟಿ ಇಲ್ಲ, ಹೊರಗಿನವರಿಗೆ ಮಾಡಿಕೊಡುವ ಪರೀಕ್ಷೆ, ಸಲಹೆಗೆ 18 ಪ್ರತಿಶತ ಇದೆ. ‘ನಮ್ಮ ಪರೀಕ್ಷಾ ಆದಾಯ 20 ಲಕ್ಷ ಮುಟ್ಟಿಲ್ಲ’ ಎಂದು ಸುಮ್ಮನಿರಬೇಡಿ. ನೋಂದಣಿಯ ಮಿತಿಗೆ ಲೆಕ್ಕ ಹಿಡಿಯುವ ಒಟ್ಟು ವಹಿವಾಟಿನಲ್ಲಿ ಅದೇ ಪ್ಯಾನ್‌ನ ವಿನಾಯಿತಿ ಪಡೆದ ಆದಾಯವೂ, ಅಂದರೆ ಕಾಲೇಜು ಫೀ ಕೂಡ, ಸೇರುತ್ತದೆ. ಲೆಕ್ಕಪರಿಶೋಧಕರನ್ನು ಮೊದಲ ರಸೀದಿ ಹರಿಯುವ ಮುನ್ನ ಕೇಳಿ. ಬಂದ ಹಣದಲ್ಲಿ ಕಾಲೇಜಿಗೆಷ್ಟು, ಅಧ್ಯಾಪಕರಿಗೆಷ್ಟು, ಟೆಕ್ನೀಷಿಯನ್‌ಗೆಷ್ಟು ಎಂಬ ಹಂಚಿಕೆಯನ್ನೂ ಮೊದಲೇ ಠರಾವು ಮಾಡಿ. ಅನುದಾನಕ್ಕೆ ರಾಜ್ಯದ ವಿಜಿಎಸ್‌ಟಿಯ (ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ಸಮೂಹ) ಕೆ-ಫಿಸ್ಟ್ ಯೋಜನೆ ನೋಡಬಹುದು. ಯುಜಿಸಿಯ ನೆರವಿಗೆ ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಕಲಮುಗಳ ಮಾನ್ಯತೆ ಬೇಕು.

ನನ್ನ ಮಹಾಪ್ರಬಂಧ ಕನ್ನಡದಲ್ಲಿದೆ. ಕೃತಿಚೌರ್ಯ ತಪಾಸಣೆಯಲ್ಲಿ ‘ಹೊಂದಿಕೆ ಸೊನ್ನೆ’ ಎಂದು ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?
*– ಸಂಶೋಧನಾ ವಿದ್ಯಾರ್ಥಿನಿ, ಶಿಗ್ಗಾವಿ*

ಸೊನ್ನೆ ಬಂದರೆ ಅನುಮಾನ ಪಡಬೇಕು. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಬೆರಳಚ್ಚಿಸಿದ್ದರೆ ತಂತ್ರಾಂಶಕ್ಕೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲಿಸಿ ಮೊಬೈಲ್ ಸಂದೇಶಕ್ಕೆ ಅಂಟಿಸಿ ನೋಡಿ, ಕನ್ನಡವೇ ಕಂಡರೆ ಸರಿ. ಇಲ್ಲವಾದರೆ ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ತಪಾಸಣೆ ಮಾಡಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು, ಪೂರ್ತಿ ಓದಿಯೇ ಕೊಡಿ.

ಯುಜಿಸಿಯ 2018ರ ನಿಯಮದಲ್ಲಿ ಹೊಂದಿಕೆ 10 ಪ್ರತಿಶತದವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗೆ ಆದರೆ 6 ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು, 60ರವರೆಗೆ ಆದರೆ ಒಂದು ವರ್ಷದವರೆಗೆ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಮುನ್ನುಡಿ ಇವು ಲೆಕ್ಕಕ್ಕೆ ಬರುವುದಿಲ್ಲ. ವಚನ, ಜನಪದ ಹಾಡು, ಶಾಸನಪಾಠಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಆಕರ ಕೊಡದಿದ್ದರೆ ಮಾತ್ರ ಅವೂ ಹೊಂದಿಕೆಯಲ್ಲಿ ಸೇರಿಬಿಡುತ್ತವೆ.