ನಾಯಿಯ ಹಲ್ಲನ್ನು ಅರಿವಳಿಕೆ ಕೊಡಿಸದೆ ಕ್ಲೀನ್ ಮಾಡಿಸಬಹುದೇ?

ದಯವಿಟ್ಟು ಬೇಡ. ಹೊರಗೆ ಕಾಣುವ ಹಳದಿ ಗಾರೆಯನ್ನು ಕೆರೆದರೆ ಹಲ್ಲು ಬೆಳ್ಳಗಾಗುತ್ತದೆ, ರೋಗ ಮಾತ್ರ ವಸಡಿನ ಕೆಳಗೆ ಹಾಗೇ ಉಳಿಯುತ್ತದೆ. ಅಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾದಿಂದಲೇ ಸಾಮಾನ್ಯವಾಗಿ ಬಾಯಿ ನಾರುವುದು. ಹಲ್ಲನ್ನು ಹಿಡಿದಿರುವ ಮೂಳೆ ನಿಧಾನವಾಗಿ ಕರಗುವುದೂ ಅದರಿಂದಲೇ. ವಸಡಿನೊಳಗೆ ಶುಚಿ ಮಾಡಲು, ಬೆಳೆದ ನಾಯಿಗಿರುವ 42 ಹಲ್ಲುಗಳ ಬೇರನ್ನು ಎಕ್ಸ್‌ರೇಯಲ್ಲಿ ನೋಡಲು ಅದು ಅಲುಗಾಡದೆ ಮಲಗಿರಬೇಕು. ಎಚ್ಚರವಿರುವ ಪ್ರಾಣಿಯನ್ನು ಅದುಮಿ ಹಿಡಿದು ಇದನ್ನು ಮಾಡುವುದು ಹಿಂಸೆ. ಬೆಕ್ಕುಗಳಲ್ಲಂತೂ ಹಲ್ಲೇ ಕರಗಿಹೋಗುವ ಕಾಯಿಲೆ ಸಾಮಾನ್ಯ, ಎಕ್ಸ್‌ರೇ ಇಲ್ಲದೆ ಅದು ಪೂರ್ತಿ ತಿಳಿಯದು.

ಅರಿವಳಿಕೆಯ ಭಯ ಸಹಜ. ಮೊದಲು ರಕ್ತಪರೀಕ್ಷೆ, ಹೃದಯ ತಪಾಸಣೆ ಮಾಡಿಸಿ. ವಯಸ್ಸಾಯಿತು ಎಂಬುದೊಂದೇ ಕಾರಣಕ್ಕೆ ಚಿಕಿತ್ಸೆ ತಪ್ಪಿಸಬೇಡಿ.

‘ಊಟ ಮಾಡ್ತಿದೆಯಲ್ಲ, ನೋವಿರಲಿಕ್ಕಿಲ್ಲ’ ಎನ್ನುವವರು ಬಹಳ. ಹಲ್ಲಿನ ಬುಡದಲ್ಲಿ ಕೀವಿದ್ದರೂ ನಾಯಿ ತಿನ್ನುತ್ತದೆ. ಕಣ್ಣಿನ ಕೆಳಗೆ ಊತ ಕಂಡರೆ ಮೇಲ್ದವಡೆಯ ದೊಡ್ಡ ಹಲ್ಲಿನ ಬೇರು ಕೀವಾಗಿರಬಹುದು, ಕೂಡಲೇ ತೋರಿಸಿ.

ಶುಚಿ ಮಾಡಿಸಿದ ಮೇಲೆ ದಿನಾ ಬ್ರಷ್ ಮಾಡಿ, ಆದರೆ ನಾಯಿಗಳ ಪೇಸ್ಟ್‌ನಲ್ಲೇ. ನಮ್ಮ ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ. ಗಟ್ಟಿ ಮೂಳೆಯನ್ನೂ ಕೊಡಬೇಡಿ, ಹಲ್ಲು ಸೀಳುತ್ತದೆ.